ಮೆಂತ್ಯ: ನೀರು ಕುಡಿಯಬೇಕೋ, ಕಾಳು ತಿನ್ನಬೇಕೋ?

ನಮ್ಮ ಚಿಕ್ಕಮ್ಮನಿಗೆ ಶುಗರ್ ಬಂದು ಹನ್ನೊಂದು ವರ್ಷ ಆಯಿತು. ಅಷ್ಟೂ ವರ್ಷದಿಂದ ಬೆಳಗ್ಗೆ ಎದ್ದ ಕೂಡಲೇ ಅವರು ಒಂದು ಕೆಲಸ ತಪ್ಪಿಸಿಲ್ಲ. ರಾತ್ರಿ ಸ್ಟೀಲ್ ಲೋಟದಲ್ಲಿ ನೆನೆಹಾಕಿದ ಮೆಂತ್ಯವನ್ನು ಟೀ ಜಾಲರಿಯಲ್ಲಿ ಸೋಸುತ್ತಾರೆ. ನೀರನ್ನು ಗಟಗಟ ಕುಡಿಯುತ್ತಾರೆ. ಕಾಳನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ದಾಸವಾಳದ ಗಿಡದ ಬುಡಕ್ಕೆ ಸುರಿಯುತ್ತಾರೆ. ಹೋದ ತಿಂಗಳು ಅವರ ಮನೆಯಲ್ಲಿದ್ದಾಗ ಕೇಳಿದೆ, “ಕಾಳು ಯಾಕೆ ಚೆಲ್ತೀರಾ ಚಿಕ್ಕಮ್ಮ?”

“ಅಯ್ಯೋ, ಕಹಿ ಕಣೇ. ಸತ್ವ ಎಲ್ಲ ನೀರಿಗೆ ಬಿಟ್ಟಿರುತ್ತಲ್ಲ, ಅಷ್ಟು ಸಾಕು” ಅಂದರು.

ಸತ್ವ ಎಲ್ಲ ನೀರಿಗೆ ಬಿಟ್ಟಿರುತ್ತಾ? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಮೆಂತ್ಯ ನಮ್ಮ ದೇಹದಲ್ಲಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಹೆಚ್ಚುಕಡಿಮೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಹುಡುಕಲು ಲ್ಯಾಬ್ ಬೇಕಿಲ್ಲ. ಒಂದು ರಾತ್ರಿ ನೆನೆದ ಕಾಳೊಂದನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಹಿಸುಕಿ. ಮೊದಲು ತೆಳುವಾದ ಸಿಪ್ಪೆ ಜಾರುತ್ತದೆ. ನಡುವಿನಿಂದ ಹಳದಿ ಬೇಳೆ ಹೊರಗೆ ಬರುತ್ತದೆ. ಸಿಪ್ಪೆಗೂ ಬೇಳೆಗೂ ಮಧ್ಯೆ ಇನ್ನೊಂದು ಪದರ ಇದೆ, ಬೆಳಕಿಗೆ ಹಿಡಿದರೆ ಗಾಜಿನ ಹಾಗೆ ಕಾಣುತ್ತದೆ, ಮುಟ್ಟಿದರೆ ಜೆಲ್ಲಿ. ಈಗ ಬೆರಳನ್ನು ನಲ್ಲಿ ಕೆಳಗೆ ಹಿಡಿಯಿರಿ. ಒಂದೇ ಸಲಕ್ಕೆ ಹೋಗುವುದಿಲ್ಲ. ಉಜ್ಜಿದಷ್ಟೂ ಜಾರುತ್ತದೆ, ಜಾರಿದಷ್ಟೂ ಅಂಟಿಕೊಂಡೇ ಇರುತ್ತದೆ.

ಈ ಲೋಳೆಯನ್ನು ನೆನಪಿಟ್ಟುಕೊಳ್ಳಿ. ಮೆಂತ್ಯದ ಬಗ್ಗೆ ಇರುವ ಗಟ್ಟಿ ಪುರಾವೆಯಲ್ಲಿ ಬಹುಪಾಲು ಇದರ ಸುತ್ತಲೇ ಇದೆ.

ಮೆಂತ್ಯ ನಮ್ಮ ಮಸಾಲೆ ಡಬ್ಬಿಯಲ್ಲಿ ಜೀರಿಗೆ, ಸಾಸಿವೆ ಪಕ್ಕ ಕೂತಿದ್ದರೂ ಅದರ ಕುಲವೇ ಬೇರೆ. ಅದು ಬೇಳೆಕಾಳಿನ ಮನೆಯದು. ತೊಗರಿ, ಹೆಸರು, ಕಡಲೆಕಾಯಿ ಎಲ್ಲ ಅದರ ದಾಯಾದಿಗಳು. 100 ಗ್ರಾಂ ಮೆಂತ್ಯದಲ್ಲಿ ಸುಮಾರು 23 ಗ್ರಾಂ ಪ್ರೋಟೀನ್ ಇದೆ. ತೂಕದಲ್ಲಿ ಕಾಲು ಭಾಗದಷ್ಟಾದರೂ ನಾರು. ಆ ನಾರಿನಲ್ಲಿ ದೊಡ್ಡ ಪಾಲು ನೀವು ಈಗ ಬೆರಳಲ್ಲಿ ಹಿಡಿದ ಲೋಳೆ. ಅದರ ಹೆಸರು ಗ್ಯಾಲಕ್ಟೋಮನ್ನಾನ್. ಹೆಸರು ಉದ್ದವಾಯಿತು, ವಿಷಯ ಸುಲಭ. ಮನ್ನೋಸ್ ಅನ್ನುವ ಸಕ್ಕರೆಯ ಉದ್ದನೆಯ ಸರಪಳಿ, ಅದರ ಪಕ್ಕಕ್ಕೆ ಗ್ಯಾಲಕ್ಟೋಸ್ ಅನ್ನುವ ಇನ್ನೊಂದು ಸಕ್ಕರೆಯ ಕೊಂಡಿಗಳು. ಸಕ್ಕರೆಯಿಂದಲೇ ಆದದ್ದು, ನಿಜ. ಆದರೆ ಈ ಸರಪಳಿಯನ್ನು ಕತ್ತರಿಸುವ ಕತ್ತರಿ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅದು ಜೀರ್ಣವಾಗದೆ, ನೀರು ಹೀರಿ ಉಬ್ಬಿಕೊಂಡು, ಹಾಗೇ ಮುಂದಕ್ಕೆ ಸಾಗುತ್ತದೆ. ಬೀಜಕ್ಕೆ ಇದು ನೀರು ಹಿಡಿದಿಡುವ ಚೀಲ, ಮೊಳಕೆಗೆ ಬುತ್ತಿ ಕೂಡ. ಒಣ ನೆಲದಲ್ಲಿ ಮೊಳೆಯಬೇಕಾದ ಕಾಳು ತಾನೇ ಮಾಡಿಕೊಂಡ ಏರ್ಪಾಡು.

ಇದೇ ಜಾತಿಯ ಅಂಟು ನಮಗೆ ಗೊತ್ತಿರುವ ಇನ್ನೊಂದು ಬೀಜದಲ್ಲೂ ಇದೆ. ಗೋರಿಕಾಯಿ. ಉತ್ತರ ಕರ್ನಾಟಕದವರಿಗೆ ಚವಳಿಕಾಯಿ. ಅದರ ಬಲಿತ ಬೀಜದಿಂದ ತೆಗೆಯುವ ಪುಡಿಯೇ ಗೌರ್ ಗಮ್, ಐಸ್‌ಕ್ರೀಮ್ ಗಟ್ಟಿಯಾಗಿ ನುಣುಪಾಗಿ ಇರಲಿ ಅಂತ ಹಾಕುತ್ತಾರಲ್ಲ, ಅದು. ಗೋರಿಕಾಯಿಯ ಮಾತು ಯಾಕೆ ಎತ್ತಿದೆ ಅಂದರೆ, ಲೋಳೆ ಹೇಗೆ ಕೆಲಸ ಮಾಡುತ್ತದೆ ಅಂತ ಚೆನ್ನಾಗಿ ತೋರಿಸಿಕೊಟ್ಟ ಪ್ರಯೋಗ ನಡೆದದ್ದು ಅದರ ಮೇಲೆ.

ಮೊದಲು ಹೊಟ್ಟೆಯಲ್ಲಿ ಏನಾಗುತ್ತದೆ ನೋಡೋಣ. ಒಂದು ಲೋಟ ಬಿಸಿನೀರಿಗೆ ಒಂದು ಚೂರು ಬೆಲ್ಲ ಹಾಕಿ. ಇನ್ನೊಂದು ಲೋಟ ಗಟ್ಟಿ ರಾಗಿ ಗಂಜಿಗೆ ಅಷ್ಟೇ ಬೆಲ್ಲ ಹಾಕಿ. ಎರಡನ್ನೂ ಕಲಕದೆ ಬಿಡಿ. ನೀರಿನಲ್ಲಿ ಸಿಹಿ ಬೇಗ ಹರಡುತ್ತದೆ. ಗಂಜಿಯಲ್ಲಿ ಬೆಲ್ಲ ಇದ್ದಲ್ಲೇ ಕರಗುತ್ತಾ ಕೂತಿರುತ್ತದೆ. ಕರುಳಿನಲ್ಲೂ ಇದೇ ಕಥೆ. ಅನ್ನ, ಮುದ್ದೆ, ಚಪಾತಿ ಏನೇ ತಿಂದರೂ ಅದರ ಪಿಷ್ಟ ಕೊನೆಗೆ ಗ್ಲೂಕೋಸ್ ಆಗಿ, ಕರುಳಿನ ಗೋಡೆ ತಲುಪಿ, ರಕ್ತಕ್ಕೆ ಸೇರಬೇಕು. ನಡುವೆ ಲೋಳೆ ತುಂಬಿಕೊಂಡಿದ್ದರೆ ಎಲ್ಲ ಕೆಲಸವೂ ನಿಧಾನವಾಗುತ್ತದೆ. ಹೊಟ್ಟೆಯಿಂದ ಊಟ ಕೆಳಗಿಳಿಯುವುದು ನಿಧಾನ, ಪಿಷ್ಟ ಒಡೆಯುವುದು ನಿಧಾನ, ಗ್ಲೂಕೋಸ್ ಗೋಡೆಯವರೆಗೆ ಹೋಗುವುದೂ ನಿಧಾನ. ಒಟ್ಟು ಸಕ್ಕರೆ ಮಾಯವಾಗುವುದಿಲ್ಲ. ಒಂದೇ ಸಲ ನುಗ್ಗುವ ಬದಲು ಸ್ವಲ್ಪ ಸ್ವಲ್ಪವಾಗಿ ಬರುತ್ತದೆ ಅಷ್ಟೆ. ಆದರೆ ಸಕ್ಕರೆ ಕಾಯಿಲೆ ಇರುವವರಿಗೆ ಆ “ಅಷ್ಟೆ” ದೊಡ್ಡದು. ಅವರ ದೇಹದಲ್ಲಿ ಇನ್ಸುಲಿನ್ ಸಾಕಾಗುತ್ತಿಲ್ಲ, ಇಲ್ಲವೇ ಇದ್ದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಊಟವಾದ ಮೇಲೆ ಸಕ್ಕರೆ ನಿಧಾನವಾಗಿ ಬಂದರೆ ನಿಭಾಯಿಸಲು ಸಮಯ ಸಿಗುತ್ತದೆ.

ಈಗ ಆ ಪ್ರಯೋಗ. 1978ರಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಅವರ ಜೊತೆಗಾರರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ಪ್ರಕಟಿಸಿದರು. ಆರೋಗ್ಯವಂತರಿಗೆ ಗ್ಲೂಕೋಸ್ ನೀರಿನ ಜೊತೆ ಬೇರೆ ಬೇರೆ ನಾರುಗಳನ್ನು ಬೆರೆಸಿ ಕುಡಿಸಿ, ರಕ್ತದ ಸಕ್ಕರೆ ಎಷ್ಟು ಏರುತ್ತದೆ ಅಂತ ಅಳೆದರು. ಯಾವ ನಾರು ಹೆಚ್ಚು ಲೋಳೆಯೋ ಅದು ಹೆಚ್ಚು ಕೆಲಸ ಮಾಡಿತು. ಗೌರ್ ಗಮ್ ಎಲ್ಲಕ್ಕಿಂತ ಮುಂದಿತ್ತು. ಆಮೇಲೆ ಅದೇ ಗೌರ್ ಗಮ್‌ನ ಸರಪಳಿಗಳನ್ನು ಮೊದಲೇ ತುಂಡು ಮಾಡಿ, ಲೋಳೆತನ ಹೋಗುವಂತೆ ಮಾಡಿ ಕುಡಿಸಿದರು. ವಸ್ತು ಅದೇ, ಲೋಳೆ ಮಾತ್ರ ಇಲ್ಲ. ಪರಿಣಾಮವೂ ಇಲ್ಲ! ನನಗೆ ಈ ಪ್ರಯೋಗ ತುಂಬ ಇಷ್ಟ. ಅಷ್ಟು ಸರಳವಾದ ಒಂದು ಬದಲಾವಣೆ ಇಡೀ ಗುಟ್ಟನ್ನು ಬಿಟ್ಟುಕೊಟ್ಟಿತು.

ಇದರಲ್ಲೇ ಇನ್ನೊಂದು ನಂಬಿಕೆಗೂ ಉತ್ತರ ಇದೆ. “ಕಹಿ ತಿಂದರೆ ಸಿಹಿ ಇಳಿಯುತ್ತೆ” ಅಂತ ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಹಾಗಲಕಾಯಿ, ಬೇವು, ಮೆಂತ್ಯ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಆದರೆ ಗೌರ್ ಗಮ್‌ಗೆ ಮೆಂತ್ಯದಂಥ ಕಹಿ ಇಲ್ಲ, ಆದರೂ ಕೆಲಸ ಮಾಡಿತು. ಮೆಂತ್ಯದ ಕಹಿ ಬೇರೆ ವಸ್ತುಗಳದು. ಕಹಿ ನಾಲಿಗೆಗೆ, ಲೋಳೆ ಕರುಳಿಗೆ.

ಹಾಗಾದರೆ ಎಷ್ಟು ತಿನ್ನಬೇಕು? ನಮ್ಮಲ್ಲಿ ಯಾರೂ ಸರಿಯಾಗಿ ಮಾತಾಡದ ವಿಷಯ ಇದು. ಇಲ್ಲಿ ಸ್ವಲ್ಪ ನಿಲ್ಲೋಣ.

ಮೆಂತ್ಯದ ಮೇಲಿನ ಒಳ್ಳೆಯ ಕೆಲಸ ನಡೆದದ್ದು ನಮ್ಮ ನೆರೆಯ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಲ್ಲಿ. 1990ರಲ್ಲಿ ಅಲ್ಲಿನವರು ಪ್ರಕಟಿಸಿದ ಅಧ್ಯಯನದಲ್ಲಿ, ಇನ್ಸುಲಿನ್ ಮೇಲೇ ಬದುಕುವ ಟೈಪ್ 1 ರೋಗಿಗಳಿಗೆ ಹತ್ತು ದಿನ ಮೆಂತ್ಯದ ಪುಡಿ ಸೇರಿಸಿದ ಊಟ ಕೊಟ್ಟರು. ಮೂತ್ರದಲ್ಲಿ ಹೋಗುವ ಸಕ್ಕರೆ 54 ಶೇಕಡ ಇಳಿಯಿತು. ಈ ಅಂಕಿಯನ್ನು ವಾಟ್ಸಾಪ್‌ನಲ್ಲಿ ಹಂಚಿಕೊಳ್ಳುವುದು ಸುಲಭ. ಆದರೆ ಅವರು ಕೊಟ್ಟ ಪ್ರಮಾಣ ದಿನಕ್ಕೆ 100 ಗ್ರಾಂ. ಎಣ್ಣೆ ಅಂಶ ತೆಗೆದ ಪುಡಿ, ಮಧ್ಯಾಹ್ನ ಅರ್ಧ, ರಾತ್ರಿ ಅರ್ಧ.

ನಾನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ತಲೆತಟ್ಟಿದ ಒಂದು ಟೀ ಚಮಚ ಮೆಂತ್ಯ ನಾಲ್ಕು ಗ್ರಾಂ ಕೂಡ ತೂಗುವುದಿಲ್ಲ. ಅಂದರೆ 100 ಗ್ರಾಂ ಎಂದರೆ ಇಪ್ಪತ್ತೈದು ಚಮಚಕ್ಕೂ ಜಾಸ್ತಿ. ಅಷ್ಟು ಮೆಂತ್ಯವನ್ನು ಯಾರು ತಾನೇ ದಿನಾ ತಿಂದಾರು? ಆ ಪ್ರಯೋಗ ಮೆಂತ್ಯಕ್ಕೆ ಶಕ್ತಿ ಇದೆ ಅಂತ ತೋರಿಸಿತು. ಮನೆಯಲ್ಲಿ ಹಾಗೆ ಮಾಡಿ ಅಂತ ಹೇಳಲಿಲ್ಲ.

ನಮಗೆ ಉಪಯೋಗಕ್ಕೆ ಬರುವ ಅಧ್ಯಯನ 2015ರದ್ದು, ಅದೂ ಹೈದರಾಬಾದಿನದೇ. ಇನ್ನೂ ಸಕ್ಕರೆ ಕಾಯಿಲೆ ಬಂದಿಲ್ಲ, ಆದರೆ ಅಂಚಿನಲ್ಲಿದ್ದಾರೆ, ಅಂಥ 140 ಜನರನ್ನು ಆರಿಸಿದರು. ಸುಮಾರು ಅರ್ಧ ಜನಕ್ಕೆ ದಿನಕ್ಕೆ 10 ಗ್ರಾಂ ಮೆಂತ್ಯದ ಪುಡಿ, ಊಟಕ್ಕೆ ಮುಂಚೆ ಐದೈದು ಗ್ರಾಂನಂತೆ ಎರಡು ಸಲ. ಉಳಿದವರಿಗೆ ಇಲ್ಲ. ಮೂರು ವರ್ಷ ಹೀಗೆ ನಡೆಯಿತು. ಕೊನೆಗೆ ನೋಡಿದರೆ ಮೆಂತ್ಯ ತಿನ್ನದವರಲ್ಲಿ ಕಾಯಿಲೆ ಬರುವ ಸಾಧ್ಯತೆ ನಾಲ್ಕು ಪಟ್ಟಿಗಿಂತ ಜಾಸ್ತಿ ಇತ್ತು. 10 ಗ್ರಾಂ ಅಂದರೆ ಮೂರು ಚಮಚದೊಳಗೆ. ಇದು ನಮ್ಮ ಅಡುಗೆಮನೆಗೆ ಎಟುಕುವ ಲೆಕ್ಕ.

ಇದು ಯಾಕೆ ಮುಖ್ಯ ಅಂದರೆ, 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅಂಚಿನಲ್ಲಿರುವವರು ಇನ್ನೂ ಜಾಸ್ತಿ, ಸುಮಾರು 13 ಕೋಟಿ 60 ಲಕ್ಷ. ಆ ಅಂಚಿನವರಲ್ಲಿ ಎಷ್ಟೋ ಜನಕ್ಕೆ ತಾವು ಅಲ್ಲಿದ್ದೇವೆ ಅನ್ನುವುದೇ ಗೊತ್ತಿಲ್ಲ.

ಹಾಗಂತ ಕಣ್ಣು ಮುಚ್ಚಿ ನಂಬಬೇಕಾ? ಬೇಡ. 2014ರಲ್ಲಿ ಹತ್ತು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ, ಖಾಲಿ ಹೊಟ್ಟೆಯ ಸಕ್ಕರೆ ಸರಾಸರಿ 17 ಅಂಕಿಯಷ್ಟು (ರಿಪೋರ್ಟಿನಲ್ಲಿ mg/dL ಅಂತ ಬರೆದಿರುತ್ತದಲ್ಲ, ಆ ಲೆಕ್ಕದಲ್ಲಿ), ಗ್ಲೂಕೋಸ್ ಅಥವಾ ಊಟದ ನಂತರದ್ದು 39 ಅಂಕಿಯಷ್ಟು ಇಳಿದದ್ದು ಕಂಡಿತು. ಖಾಲಿ ಹೊಟ್ಟೆಗಿಂತ ಊಟದ ನಂತರದ ಇಳಿಕೆಯೇ ದೊಡ್ಡದು, ಗಮನಿಸಿದಿರಾ? ಲೋಳೆಯ ಕಥೆಗೆ ಅದು ಸರಿಯಾಗಿ ಹೊಂದುತ್ತದೆ. ಸ್ವಲ್ಪ ಪ್ರಮಾಣ ಕೊಟ್ಟ ಕಡೆ ಸ್ಪಷ್ಟ ಫಲ ಕಾಣಲಿಲ್ಲ. ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಿನವು ಸಣ್ಣವು, ಮಾಡಿದ ರೀತಿಯಲ್ಲೂ ಕೊರತೆಗಳಿದ್ದವು. ಜೊತೆಗೆ ಮೆಂತ್ಯದ ವಿಷಯದಲ್ಲಿ ಒಂದು ತೊಡಕು ಇದ್ದೇ ಇದೆ. ಮಾತ್ರೆಯ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಅಸಲಿ, ಇನ್ನೊಂದಕ್ಕೆ ಅದೇ ಥರ ಕಾಣುವ ಖಾಲಿ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮೆಂತ್ಯಕ್ಕೆ ಅಂಥ ಜೊತೆ ಎಲ್ಲಿಂದ ತರುವುದು? ಆ ಕಹಿ, ಆ ವಾಸನೆ ಒಂದು ತುತ್ತಿಗೇ ಗೊತ್ತಾಗಿಬಿಡುತ್ತದೆ. ತಾನು ಮೆಂತ್ಯ ತಿನ್ನುತ್ತಿದ್ದೇನೆ ಅಂತ ಗೊತ್ತಾದವರು ಊಟ, ನಡಿಗೆಯಲ್ಲೂ ಜಾಗ್ರತೆ ಮಾಡಿರಬಹುದು.

ಲೋಳೆ ಒಂದೇ ಎಲ್ಲವನ್ನೂ ಮಾಡುತ್ತದೆ ಅಂತಲೂ ನಾನು ಹೇಳುವುದಿಲ್ಲ. ಮೆಂತ್ಯದಲ್ಲಿ 4-ಹೈಡ್ರಾಕ್ಸಿಐಸೋಲ್ಯೂಸಿನ್ ಅನ್ನುವ ಒಂದು ಅಪರೂಪದ ಅಮೈನೋ ಆಮ್ಲ ಇದೆ. ಪ್ರಯೋಗಾಲಯದಲ್ಲಿ ಅದು ಮೇದೋಜೀರಕ ಗ್ರಂಥಿಯ ಕೋಶಗಳಿಂದ ಇನ್ಸುಲಿನ್ ಹೊರಡಿಸಿದೆ, ಅದೂ ಸಕ್ಕರೆ ಹೆಚ್ಚಿದ್ದಾಗ. ಮನುಷ್ಯರ ಊಟದ ಪ್ರಮಾಣದಲ್ಲಿ ಅದರ ಪಾಲು ಎಷ್ಟು ಅನ್ನುವುದು ಇನ್ನೂ ತೀರ್ಮಾನವಾಗಬೇಕಾದ ಮಾತು.

ಈಗ ಚಿಕ್ಕಮ್ಮನ ಲೋಟಕ್ಕೆ ಬರೋಣ. ರಾತ್ರಿ ನೆನೆದ ನೀರಿಗೆ ಬಣ್ಣ ಬಂದಿರುತ್ತದೆ, ಕಹಿ ಬಂದಿರುತ್ತದೆ, ಸ್ವಲ್ಪ ಲೋಳೆಯೂ ಬಂದಿರುತ್ತದೆ. ಆದರೆ ಬಹುಪಾಲು ಲೋಳೆ ಆ ಗಾಜಿನಂಥ ಪದರದಲ್ಲಿ, ಕಾಳಿನ ಒಳಗೇ ಉಳಿದಿರುತ್ತದೆ. ಹಿಸುಕಿ ನೋಡಿದಾಗ ನಿಮಗೇ ಕಂಡಿತಲ್ಲ. ಹನ್ನೊಂದು ವರ್ಷದಿಂದ ಚಿಕ್ಕಮ್ಮ ಕಹಿಯನ್ನು ತಾವು ಕುಡಿದು, ಕೆಲಸಕ್ಕೆ ಬರುವುದನ್ನು ದಾಸವಾಳಕ್ಕೆ ಹಾಕಿದ್ದಾರೆ. ನನಗೆ ಇದು ಗೊತ್ತಾದಾಗ ಸಂಕಟವಾಯಿತು. ಎಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ!

ನೆನೆಸುವುದು ತಪ್ಪಲ್ಲ, ಅದು ಒಳ್ಳೆಯದೇ. ಇರಾನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಕೆಲವರು 10 ಗ್ರಾಂ ಮೆಂತ್ಯವನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದುಕೊಂಡರು, ಕೆಲವರು ಮೊಸರಿನಲ್ಲಿ ಕಲಸಿಕೊಂಡರು. ಎಂಟು ವಾರದ ಮೇಲೆ ನೆನೆಸಿ ತೆಗೆದುಕೊಂಡವರಲ್ಲಿ ಮಾತ್ರ ಸಕ್ಕರೆ ಇಳಿದಿತ್ತು. ಕೊನೆಯವರೆಗೆ ಉಳಿದವರು ಬರೀ 18 ಜನ, ಹಾಗಾಗಿ ಇದರ ಮೇಲೆ ದೊಡ್ಡ ಮನೆ ಕಟ್ಟಲಾಗದು. ಆದರೂ ಲೋಳೆ ಚೆನ್ನಾಗಿ ಉಬ್ಬಲು ನೀರು ಬೇಕು ಅನ್ನುವ ಮಾತಿಗೆ ಹೊಂದುತ್ತದೆ. ನೆನೆಸಿ, ಕಾಳು ಸಮೇತ ತಿನ್ನಿ, ನೀರನ್ನೂ ಕುಡಿಯಿರಿ. ಅದೂ ಊಟಕ್ಕೆ ಸ್ವಲ್ಪ ಮುಂಚೆ ಅಥವಾ ಊಟದ ಜೊತೆ. ಲೋಳೆ ಕೆಲಸ ಮಾಡುವುದು ಅನ್ನದ ಜೊತೆ ಕರುಳಿನಲ್ಲಿ ಒಟ್ಟಿಗಿದ್ದಾಗ. ಬೆಳಗ್ಗೆ ಆರಕ್ಕೆ ತಿಂದು, ಒಂಬತ್ತೂವರೆಗೆ ದೋಸೆ ತಿಂದರೆ ಇಬ್ಬರಿಗೂ ಭೇಟಿಯಾಗುವುದು ಕಷ್ಟ.

ದೋಸೆ ಅಂದಮೇಲೆ ಒಂದು ಮಾತು. ದೋಸೆ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಅರ್ಧ ಚಮಚ ಮೆಂತ್ಯ ಹಾಕುತ್ತೇವಲ್ಲ, ಅಲ್ಲೂ ಲೋಳೆಯೇ ಹಿಟ್ಟಿಗೆ ಮೈ ಕೊಡುತ್ತದೆ. ಹುದುಗು ಬಂದಾಗ ಏಳುವ ಗುಳ್ಳೆ ಒಡೆಯದಂತೆ ಹಿಡಿಯುತ್ತದೆ. ಆದರೆ ಆ ಅರ್ಧ ಚಮಚ ಹತ್ತಾರು ದೋಸೆಗೆ ಹಂಚಿಹೋಗುತ್ತದೆ. ಹುಳಿಪುಡಿಗೆ, ಉಪ್ಪಿನಕಾಯಿಗೆ ಹುರಿದು ಹಾಕುವುದೂ ಹಾಗೇ. ರುಚಿಗೆ, ಘಮಕ್ಕೆ ಸರಿ. ಸಕ್ಕರೆ ಇಳಿಸಲು ಅಷ್ಟು ಸಾಲದು. ಮೆಂತ್ಯದ ಸೊಪ್ಪು ಇನ್ನೊಂದೇ ವಿಷಯ. ಅದು ಒಳ್ಳೆಯ ಸೊಪ್ಪು, ಧಾರಾಳವಾಗಿ ತಿನ್ನಿ. ಆದರೆ ಈ ಲೋಳೆಯ ಪದರ ಇರುವುದು ಬೀಜದಲ್ಲಿ, ಎಲೆಯಲ್ಲಲ್ಲ.

ಕೊಲೆಸ್ಟ್ರಾಲ್ ಸ್ವಲ್ಪ ಇಳಿಯಬಹುದು ಅನ್ನುವುದಕ್ಕೆ ಸಾಧಾರಣ ಪುರಾವೆ ಇದೆ. ಪಿತ್ತರಸವನ್ನು ಲೋಳೆ ಹಿಡಿದು ಹೊರಗೆ ಸಾಗಿಸುತ್ತದೆ, ಹೊಸ ಪಿತ್ತರಸ ಮಾಡಲು ಲಿವರ್ ಕೊಲೆಸ್ಟ್ರಾಲ್ ಬಳಸಬೇಕಾಗುತ್ತದೆ. ತಲೆಗೆ ಅರೆದು ಹಚ್ಚಿದರೆ ಕೂದಲು ನುಣುಪಾಗುವುದು ಲೋಳೆ ಮೆತ್ತಿಕೊಳ್ಳುವುದರಿಂದ. ಕೂದಲು ಉದ್ದ ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ.

ಬಾಣಂತಿಯರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಬಾಣಂತಿಗೆ ಮೆಂತ್ಯದ ಉಂಡೆ, ಮೆಂತ್ಯದ ಗಂಜಿ ಕೊಡುವುದು ಹಳೆಯ ರೂಢಿ, ಹಾಲು ಹೆಚ್ಚಲಿ ಅಂತ. ಟರ್ಕಿಯಲ್ಲಿ 66 ತಾಯಿ-ಮಗು ಜೋಡಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೆಂತ್ಯದ ಟೀ ಕುಡಿದವರಿಗೆ ಮೊದಲ ದಿನಗಳಲ್ಲಿ ಹಾಲು ಜಾಸ್ತಿ ಬಂದದ್ದು ಕಂಡಿತು. ಬೇರೆ ಕಡೆ ಫಲ ಹೀಗೂ ಇದೆ, ಹಾಗೂ ಇದೆ. ಊಟದ ಪ್ರಮಾಣದಲ್ಲಿ ಬಾಣಂತಿ ತಿನ್ನಬಹುದು. ಆದರೆ ಗರ್ಭಿಣಿಯರಿಗೆ ಮಾತು ಬೇರೆ. ಹುಳಿ, ದೋಸೆಯಲ್ಲಿ ಬರುವಷ್ಟಕ್ಕೆ ಭಯವಿಲ್ಲ. ಚಮಚಗಟ್ಟಲೆ ಪುಡಿ, ಕ್ಯಾಪ್ಸೂಲ್ ಬೇಡ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಹೆಚ್ಚಿನ ಪ್ರಮಾಣ ಗರ್ಭಕೋಶಕ್ಕೂ ಭ್ರೂಣಕ್ಕೂ ತೊಂದರೆ ತೋರಿಸಿದೆ.

ಇನ್ನೊಂದು ಸಂಗತಿ ಹೆರಿಗೆ ಮನೆಯವರಿಗೆ ತಿಳಿದಿರಬೇಕು. ಮೆಂತ್ಯ ತಿಂದವರ ಬೆವರು, ಮೂತ್ರಕ್ಕೆ ಒಂದು ಸಿಹಿ ಘಮ ಬರುತ್ತದೆ. ಅದಕ್ಕೆ ಕಾರಣ ಸೊಟೊಲಾನ್ ಅನ್ನುವ ವಸ್ತು. ಅಮೆರಿಕದ ಮೇಪಲ್ ಪಾಕದ ಘಮದಂತೆಯೇ ಇರುತ್ತದೆ. ನ್ಯೂಯಾರ್ಕ್ ನಗರದಲ್ಲಿ 2005ರಿಂದ ಆಗಾಗ ಇದ್ದಕ್ಕಿದ್ದಂತೆ ಊರಿಗೆ ಊರೇ ಪಾಕದ ವಾಸನೆ ಬರುತ್ತಿತ್ತು. ಜನ ಹೆದರಿ ಪೊಲೀಸರಿಗೆ ಫೋನ್ ಮಾಡಿದ್ದರು. 2009ರಲ್ಲಿ ಮೂಲ ಸಿಕ್ಕಿತು: ನದಿಯಾಚೆ ನ್ಯೂಜೆರ್ಸಿಯ ಒಂದು ಸುವಾಸನೆ ಕಾರ್ಖಾನೆಯಲ್ಲಿ ಸಂಸ್ಕರಿಸುತ್ತಿದ್ದ ಮೆಂತ್ಯದ ಬೀಜ. ಇದು ಸ್ವಾರಸ್ಯದ ಕಥೆ. ಆದರೆ ಹುಟ್ಟಿದ ಮಗುವಿನ ಮೂತ್ರಕ್ಕೆ ಅದೇ ಘಮ ಬಂದರೆ ಡಾಕ್ಟರು ಗಾಬರಿಯಾಗುತ್ತಾರೆ. ಯಾಕೆಂದರೆ ಒಂದು ಅಪಾಯಕಾರಿ ಜನ್ಮಜಾತ ಕಾಯಿಲೆಯ ಲಕ್ಷಣವೂ ಅದೇ. ಹೆರಿಗೆಗೆ ಸ್ವಲ್ಪ ಮುಂಚೆ ತಾಯಿ ಮೆಂತ್ಯ ಸೇವಿಸಿದ್ದರಿಂದ ಹೀಗೆ ಸಂಶಯ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮೆಂತ್ಯ ತಿಂದಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ.

ಮೊಳಕೆ ಬರಿಸಿ ತಿನ್ನುವವರು ಇನ್ನೊಂದು ಎಚ್ಚರ ವಹಿಸಬೇಕು. 2011ರಲ್ಲಿ ಜರ್ಮನಿಯಲ್ಲಿ ಇ. ಕೊಲೈ ಬ್ಯಾಕ್ಟೀರಿಯಾದಿಂದ ಸುಮಾರು 4,000 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ತನಿಖೆ ಈಜಿಪ್ಟ್‌ನಿಂದ ಬಂದ ಮೆಂತ್ಯದ ಬೀಜದ ಮೊಳಕೆಯತ್ತ ಬೆರಳು ತೋರಿಸಿತು. ಬೆಚ್ಚಗೆ, ತೇವವಾಗಿ ಬಟ್ಟೆ ಕಟ್ಟಿಡುವುದು ಮೊಳಕೆಗೆ ಎಷ್ಟು ಹಿತವೋ ಬ್ಯಾಕ್ಟೀರಿಯಾಗೂ ಅಷ್ಟೇ ಹಿತ. ಮೊಳಕೆಯನ್ನು ಹಬೆಯಲ್ಲಿ ಬೇಯಿಸಿಯೋ, ಒಗ್ಗರಣೆಯಲ್ಲಿ ಚೆನ್ನಾಗಿ ಬಾಡಿಸಿಯೋ ತಿನ್ನಿ.

ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೆಂತ್ಯ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಎರಡೂ ಸೇರಿ ಸಕ್ಕರೆ ತೀರಾ ಇಳಿದರೆ ಕೈ ನಡುಕ, ಬೆವರು, ಕಣ್ಣು ಕತ್ತಲೆ ಬರಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಔಷಧಿ ತೆಗೆದುಕೊಳ್ಳುವವರೂ ಅಷ್ಟೇ. ಕಡಲೆಕಾಯಿ ಆಗದವರಿಗೆ ಮೆಂತ್ಯವೂ ಆಗದೆ ಇರಬಹುದು, ದಾಯಾದಿಗಳು ಅಂದೆನಲ್ಲ. ಲೋಳೆ ಊಟವನ್ನು ನಿಧಾನ ಮಾಡುವಂತೆ ಮಾತ್ರೆಯನ್ನೂ ನಿಧಾನ ಮಾಡಬಹುದು, ಆದ್ದರಿಂದ ಎರಡರ ನಡುವೆ ಒಂದೆರಡು ಗಂಟೆ ಬಿಡುವುದು ವಾಸಿ. ಊಟದ ಜೊತೆಗೇ ನುಂಗಬೇಕಾದ ಮಾತ್ರೆ ಇದ್ದರೆ ಸಮಯ ಹೇಗೆ ಹೊಂದಿಸುವುದು ಅಂತ ಅದನ್ನೂ ಡಾಕ್ಟರಲ್ಲೇ ಕೇಳಿ. ಮತ್ತೆ, ಏಕಾಏಕಿ ಮೂರು ಚಮಚಕ್ಕೆ ಹಾರಬೇಡಿ. ಹೊಟ್ಟೆ ಉಬ್ಬರ, ಗ್ಯಾಸ್, ಭೇದಿ ಎಲ್ಲ ಸಾಲಾಗಿ ಬರುತ್ತವೆ. ಅರ್ಧ ಚಮಚದಿಂದ ಶುರು ಮಾಡಿ, ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ನೀರು ಚೆನ್ನಾಗಿ ಕುಡಿಯಿರಿ.

ಚಿಕ್ಕಮ್ಮನಿಗೆ ಇದೆಲ್ಲ ಹೇಳಿದೆ. ಡಾಕ್ಟರನ್ನು ಕೇಳಿಕೊಂಡು ಬಂದರು. ಮಾತ್ರೆ ಬಿಡಬಾರದು, ಮೆಂತ್ಯ ತಿನ್ನಬಹುದು ಅಂದರಂತೆ. ಕಹಿ ಮಾತ್ರ ಅವರಿಗೆ ಇನ್ನೂ ಆಗದು. ಹಾಗಾಗಿ ನೆನೆದ ಕಾಳನ್ನು ಒಂದು ಹಿಡಿ ಕಾಯಿತುರಿ, ಜೀರಿಗೆ ಜೊತೆ ನುಣ್ಣಗೆ ರುಬ್ಬಿ, ಹುಳಿ ಮಜ್ಜಿಗೆಯಲ್ಲಿ ಕಲಸಿ ತಂಬುಳಿ ಮಾಡುತ್ತಾರೆ. ಮೇಲೆ ಇಂಗು, ಒಣಮೆಣಸಿನಕಾಯಿ ಒಗ್ಗರಣೆ. ಮಧ್ಯಾಹ್ನ ಅನ್ನಕ್ಕೆ ಮೊದಲು ಅದನ್ನೇ ಹಾಕಿಕೊಳ್ಳುತ್ತಾರೆ. ರುಬ್ಬಿದ ಮೇಲೆ ಹತ್ತು ನಿಮಿಷ ಬಿಟ್ಟರೆ ತಂಬುಳಿ ತಾನೇ ಗಟ್ಟಿಯಾಗಿ, ಸೌಟಿನಿಂದ ಎತ್ತಿದರೆ ಎಳೆ ಎಳೆಯಾಗಿ ಇಳಿಯುತ್ತದೆ. ಮೊನ್ನೆ ಫೋನಿನಲ್ಲಿ ಹೇಳಿದರು, “ಈಗ ಮಜ್ಜಿಗೆ ಒಂದು ಸೌಟು ಜಾಸ್ತಿ ಹಾಕ್ತೀನಿ ಕಣೇ, ಇಲ್ಲಾಂದ್ರೆ ಪಾತ್ರೆಯಿಂದ ಬರೋದೇ ಇಲ್ಲ.”